ಸಂಕಷ್ಟದ ದೇಶದ ಮಕ್ಕಳ ಮನೆಗೂ ಶಾಲೆಗೂ ನೆರವು: ವಿಚಾರಣೆ, ಹಣ, ದಾಸ್ತಾನು, ಮನೆಗೆ ಮರಳುವ ದಾರಿ

ಯುದ್ಧವೋ ಭೂಕಂಪವೋ ಬ್ಯಾಂಕುಗಳ ಕುಸಿತವೋ ಒಂದು ದೇಶವನ್ನು ಹಿಡಿದಾಗ ಅಲ್ಲಿನ ‘ಮಕ್ಕಳ ಮನೆ’ಗಳು, ಅಂದರೆ ಅನಾಥಾಲಯಗಳು, ತುಂಬತೊಡಗುತ್ತವೆ. ಹಾಗೆ ಬಂದು ಸೇರುವವರಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವರು ಕಡಿಮೆ. ಹೆಚ್ಚಿನವರಿಗೆ ತಾಯಿಯೋ ತಂದೆಯೋ ಅಜ್ಜಿಯೋ ಇರುತ್ತಾರೆ. ಊಟ ಹಾಕಲು, ಶಾಲೆಯ ಶುಲ್ಕ ಕಟ್ಟಲು ಆಗದೆ ತಂದು ಬಿಟ್ಟಿರುತ್ತಾರೆ. ದೂರದಿಂದ ನೆರವಾಗುವವರು ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ತೀರ್ಮಾನಗಳೆಲ್ಲ ಬೇರೆಯಾಗುತ್ತವೆ. ಊಟ ನಿಲ್ಲಬಾರದು, ಶಾಲೆ ಗಟ್ಟಿಯಾಗಬೇಕು, ಆದರೆ ರಾತ್ರಿ ಅಲ್ಲೇ ಮಲಗುವ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯಬೇಕು. ನಿಮ್ಮ ಹಣ ಈ ದಿಕ್ಕಿಗೆ ಹರಿಯುತ್ತಿದೆಯೇ ಎಂದು ನೋಡುವುದೇ ಈ ಕೆಲಸದ ತಿರುಳು.

ವಿಶ್ವಸಂಸ್ಥೆಯ ಮಹಾಸಭೆ 2009ರ ಡಿಸೆಂಬರ್‌ನಲ್ಲಿ ಒಪ್ಪಿದ ಬದಲಿ ಆರೈಕೆಯ (ಹೆತ್ತವರ ಬಳಿ ಇರಲಾಗದ ಮಕ್ಕಳ ಆರೈಕೆಯ) ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಬಡತನವೊಂದೇ ಕಾರಣವಾಗಿ ಮಗುವನ್ನು ಮನೆಯಿಂದ ಬೇರೆ ಮಾಡಬಾರದು. ಮೂರು ವರ್ಷದೊಳಗಿನ ಕೂಸುಗಳಿಗೆ ಕುಟುಂಬದ ವಾತಾವರಣದಲ್ಲೇ ಆರೈಕೆ ಸಿಗಬೇಕು. ತಾತ್ಕಾಲಿಕವಾಗಿ ಸೇರಿಸಿದ ಮಗುವಿನ ಸ್ಥಿತಿಯನ್ನು ಸಾಧ್ಯವಾದಷ್ಟೂ ಮೂರು ತಿಂಗಳಿಗೊಮ್ಮೆ ಮರುಪರಿಶೀಲಿಸಬೇಕು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 136 ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಿದ ಅಧ್ಯಯನದಲ್ಲಿ, ಸಂಸ್ಥೆಯಿಂದ ಸಾಕು ಕುಟುಂಬಕ್ಕೆ ಹೋದ ಮಕ್ಕಳು ಬುದ್ಧಿ ಬೆಳವಣಿಗೆಯಲ್ಲೂ ಬಾಂಧವ್ಯದಲ್ಲೂ ಮುಂದೆ ಬಂದರು; ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಹೆಚ್ಚು ಲಾಭವಾಯಿತು. ಹಾಗಾಗಿ ನೀವು ಆರಿಸಿಕೊಂಡ ಮನೆಯಲ್ಲಿ ಹಾಲುಗೂಸುಗಳ ಕೋಣೆ ಇದ್ದರೆ ಮೊದಲ ಪ್ರಶ್ನೆ ಅಲ್ಲಿಂದಲೇ ಶುರುವಾಗಲಿ.

ಹಣಕ್ಕೆ ಮುಂಚೆ ವಿಚಾರಣೆ

ವಿಚಾರಣೆಗೆ ಕನಿಷ್ಠ ಆರು ವಾರ ಬೇಕು. ಸುದ್ದಿಯ ದೃಶ್ಯಗಳು ಕಣ್ಣ ಮುಂದಿರುವಾಗ ಇದು ತೀರಾ ನಿಧಾನ ಅನ್ನಿಸುವುದು ಸಹಜ. ಅಷ್ಟು ದಿನ ಕೈಕಟ್ಟಿ ಕೂರಬೇಕಿಲ್ಲ. ಯುನಿಸೆಫ್, ರೆಡ್‌ಕ್ರಾಸ್ ಅಥವಾ ರೆಡ್ ಕ್ರೆಸೆಂಟ್‌ನಂಥ, ಅಲ್ಲಿ ಈಗಾಗಲೇ ದುಡಿಯುತ್ತಿರುವ ಸಂಸ್ಥೆಗೆ ಮೊದಲ ಕಂತು ಕೊಟ್ಟು, ನಿಮ್ಮ ದೀರ್ಘಕಾಲದ ನೆರವಿನ ವಿಚಾರಣೆ ಮುಂದುವರಿಸಿ.

ಮಕ್ಕಳ ಮನೆಯಿಂದ ತರಿಸಿಕೊಳ್ಳಬೇಕಾದ ಕಾಗದಗಳು ಇವು: ಸಮಾಜ ಕಲ್ಯಾಣ ಇಲಾಖೆಯ ನೋಂದಣಿ ಮತ್ತು ಅದು ಎಂದಿನವರೆಗೆ ಚಾಲ್ತಿಯಲ್ಲಿದೆ ಎಂಬ ವಿವರ, ಶಾಲೆಗೆ ಶಿಕ್ಷಣ ಇಲಾಖೆಯ ಮಾನ್ಯತೆ, ಕೊನೆಯ ತಪಾಸಣೆಯ ವರದಿ, ಎರಡು ವರ್ಷದ ಲೆಕ್ಕಪರಿಶೋಧಿತ ಜಮಾಖರ್ಚು, ಸಿಬ್ಬಂದಿಯ ಪಟ್ಟಿ ಮತ್ತು ಸಂಬಳ, ಕಟ್ಟಡ ಯಾರ ಹೆಸರಲ್ಲಿದೆ ಎಂಬುದರ ದಾಖಲೆ, ಮಕ್ಕಳ ರಕ್ಷಣೆಯ ಲಿಖಿತ ನಿಯಮ. ಇವುಗಳ ಜೊತೆಗೆ ಹೆಸರಿಲ್ಲದ ಒಂದು ಪಟ್ಟಿ ಕೇಳಿ. ಪ್ರತಿ ಮಗುವಿಗೂ ಒಂದು ಸಂಖ್ಯೆ, ವಯಸ್ಸು, ಸೇರಿದ ದಿನ, ಯಾರು ತಂದು ಬಿಟ್ಟರು, ಬದುಕಿರುವ ಹತ್ತಿರದ ಬಂಧು ಯಾರು, ಕುಟುಂಬದವರು ಕೊನೆಯ ಸಲ ಬಂದದ್ದು ಅಥವಾ ಫೋನು ಮಾಡಿದ್ದು ಯಾವಾಗ, ಕೊನೆಯ ಮರುಪರಿಶೀಲನೆ ಯಾವಾಗ. ಬೇರೆ ಕಾಗದಗಳನ್ನೆಲ್ಲ ಯಾರಾದರೂ ಚೆನ್ನಾಗಿ ಜೋಡಿಸಿ ಕೊಡಬಹುದು. ಈ ಪಟ್ಟಿಯನ್ನು ಮಾತ್ರ ಮಕ್ಕಳ ಬಗ್ಗೆ ನಿಜವಾಗಿ ಗಮನ ಇಟ್ಟವರಷ್ಟೇ ತುಂಬಿಸಬಲ್ಲರು. ಅರ್ಧಕ್ಕಿಂತ ಹೆಚ್ಚು ಸಾಲುಗಳಲ್ಲಿ ‘ಗೊತ್ತಿಲ್ಲ’ ಎಂದಿದ್ದರೆ, ನೆರವಿನ ಮೊದಲ ಹಣ ಒಬ್ಬ ಸಮಾಜ ಕಾರ್ಯಕರ್ತೆಯ ಸಂಬಳಕ್ಕೆ ಹೋಗಬೇಕು, ಹೊಸ ಕೊಠಡಿಗಲ್ಲ.

ವೀಡಿಯೊ ಕರೆಯನ್ನು ಊಟದ ಹೊತ್ತಿಗೆ, ಅರ್ಧ ಗಂಟೆ ಮುಂಚೆ ತಿಳಿಸಿ ಮಾಡಿ. ಮಕ್ಕಳನ್ನು ತೋರಿಸುವುದು ಬೇಡವೆಂದು ಮೊದಲೇ ಹೇಳಿ. ಉಗ್ರಾಣ, ಅಡುಗೆಮನೆ, ಶೌಚಾಲಯ, ನೀರಿನ ತೊಟ್ಟಿ, ಹಾಜರಿ ಪುಸ್ತಕ, ಔಷಧದ ಕಪಾಟು ತೋರಿಸಲಿ. ಇಷ್ಟು ಸಾಲದು, ಸಂಸ್ಥೆಗೆ ಸಂಬಂಧವಿಲ್ಲದ ಇಬ್ಬರ ಮಾತು ಬೇಕು. ಹತ್ತಿರದ ಆರೋಗ್ಯ ಕೇಂದ್ರದ ದಾದಿ, ಪಕ್ಕದ ಶಾಲೆಯ ಮುಖ್ಯೋಪಾಧ್ಯಾಯರು ಆಗಬಹುದು. ದೊಡ್ಡ ತುರ್ತುಸ್ಥಿತಿಗಳಲ್ಲಿ ಯುನಿಸೆಫ್ ಮುಂದಾಳತ್ವದಲ್ಲಿ ಮಕ್ಕಳ ರಕ್ಷಣೆಯ ಸಮನ್ವಯ ಗುಂಪು ಇರುತ್ತದೆ. ಆ ಮನೆಯ ಬಗ್ಗೆ ಅವರಿಗೆ ಗೊತ್ತಿದೆಯೇ ಎಂದು ಬರೆದು ಕೇಳಿ.

ಕೆಲವು ಗುರುತುಗಳು ಕಂಡರೆ ಅಲ್ಲೇ ನಿಲ್ಲಿಸಬೇಕು. ಹಣವನ್ನು ವ್ಯಕ್ತಿಯ ಸ್ವಂತ ಖಾತೆಗೆ ಕೇಳುವುದು. ವಿದೇಶಿ ಭೇಟಿಗಳು ಹೆಚ್ಚಾದಂತೆ ಮಕ್ಕಳ ಸಂಖ್ಯೆಯೂ ಹೆಚ್ಚುವುದು. ಕುಟುಂಬದವರಿಗೆ ಒಳಗೆ ಬರಲು ಬಿಡದಿರುವುದು. ಮಕ್ಕಳ ಹೆಸರು ಬದಲಿಸಿರುವುದು. ಅಪರಿಚಿತರು ಬಂದ ಕೂಡಲೇ ಚಿಕ್ಕ ಮಕ್ಕಳು ಓಡಿ ಬಂದು ಅಪ್ಪಿಕೊಳ್ಳುವುದನ್ನು ಪ್ರೀತಿಯೆಂದು ತಿಳಿಯುವವರು ಬಹಳ. ಸ್ಥಿರವಾದ ಆರೈಕೆ ಸಿಗದ ಮಕ್ಕಳು ಹಾಗೆ ಮಾಡುತ್ತಾರೆ.

ಇಷ್ಟು ಕಟ್ಟುನಿಟ್ಟು ಏಕೆ ಎಂಬುದಕ್ಕೆ ಹಿಂದಿನ ಘಟನೆಗಳು ಸಾಲುಗಟ್ಟಿವೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಯಿತು. ಮೂರು ವಾರದೊಳಗೆ 10 ಅಮೆರಿಕನ್ನರ ಗುಂಪೊಂದು 33 ಮಕ್ಕಳನ್ನು ಅನುಮತಿ ಪತ್ರಗಳಿಲ್ಲದೆ ಡೊಮಿನಿಕನ್ ಗಣರಾಜ್ಯಕ್ಕೆ ದಾಟಿಸಲು ಹೊರಟು ಗಡಿಯಲ್ಲಿ ಸಿಕ್ಕಿಬಿತ್ತು. ‘ಅನಾಥರು’ ಎನಿಸಿದ ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಹೆತ್ತವರಿದ್ದರು. 2015ರ ಭೂಕಂಪದ ನಂತರ ನೇಪಾಳ ಸರ್ಕಾರ ಹೊಸ ಮಕ್ಕಳ ಮನೆಗಳ ನೋಂದಣಿಯನ್ನೂ ಅಂತರರಾಷ್ಟ್ರೀಯ ದತ್ತುವನ್ನೂ ನಿಲ್ಲಿಸಿ, ಪೋಷಕರಿಲ್ಲದೆ ಮಕ್ಕಳು ಜಿಲ್ಲೆ ಬಿಟ್ಟು ಹೋಗುವುದನ್ನು ತಡೆಯಬೇಕಾಯಿತು. ಆಸ್ಟ್ರೇಲಿಯಾದ 2018ರ ಆಧುನಿಕ ಗುಲಾಮಗಿರಿ ಕಾನೂನಿನ ಚರ್ಚೆಯಲ್ಲಿ, ದೇಣಿಗೆಗಾಗಿ ಮಕ್ಕಳನ್ನು ಕುಟುಂಬದಿಂದ ತಂದು ಅನಾಥಾಲಯ ತುಂಬಿಸುವುದನ್ನೂ ಮಾನವ ಕಳ್ಳಸಾಗಣೆಯೆಂದೇ ಗುರುತಿಸಲಾಯಿತು.

ಒಪ್ಪಂದ, ಬಜೆಟ್

ಎರಡು ಪುಟದ ಲಿಖಿತ ಒಪ್ಪಂದ ಸಾಕು. ಎಷ್ಟು ಹಣ, ಯಾವ ದಿನಾಂಕಕ್ಕೆ, ಯಾವ ಬಾಬ್ತಿಗೆ, ಲೆಕ್ಕ ಯಾವಾಗ, ನಿಲ್ಲಿಸುವುದಾದರೆ ಎಷ್ಟು ಮುನ್ಸೂಚನೆ. ಸಂಕಷ್ಟದ ದೇಶದಲ್ಲಿ ದೊಡ್ಡ ಮೊತ್ತಕ್ಕಿಂತ ತಪ್ಪದೆ ಬರುವ ಮೊತ್ತಕ್ಕೆ ಬೆಲೆ ಹೆಚ್ಚು. ತಿಂಗಳ ಐದನೇ ತಾರೀಖಿಗೆ ಹಣ ಬರುತ್ತದೆಂದು ಖಾತ್ರಿಯಿದ್ದರೆ ಅಕ್ಕಿ ಅಂಗಡಿಯವನು ಸಾಲ ಕೊಡುತ್ತಾನೆ, ಅಡುಗೆಯವರು ಕೆಲಸ ಬಿಡುವುದಿಲ್ಲ. ಒಮ್ಮೆ ಧಾರಾಳವಾಗಿ ಬಂದು ಆರು ತಿಂಗಳು ಕಾಣದ ಹಣದಿಂದ ಕಟ್ಟಡ ಏಳುತ್ತದೆ, ಒಳಗಿನ ಜನ ಉಳಿಯುವುದಿಲ್ಲ.

ಬಜೆಟ್‌ನಲ್ಲಿ ಹೊಸಬರು ಹೆಚ್ಚಾಗಿ ತಪ್ಪುವುದು ಸಿಬ್ಬಂದಿಯ ಲೆಕ್ಕದಲ್ಲಿ. ಹಗಲೂ ರಾತ್ರಿ ಒಬ್ಬರು ಮಕ್ಕಳ ಬಳಿ ಇರಬೇಕೆಂದರೆ ವಾರಕ್ಕೆ 168 ಗಂಟೆ ಆಯಿತು. ಒಬ್ಬರು ವಾರಕ್ಕೆ 40 ಗಂಟೆ ದುಡಿದರೆ ಒಂದೇ ಜಾಗ ತುಂಬಲು 4.2 ಜನ ಬೇಕು. ರಜೆ, ಕಾಯಿಲೆ ಸೇರಿಸಿದರೆ ಐವರು. 40 ಮಕ್ಕಳಿಗೆ ‘ಐದು ಮಂದಿ ಅಮ್ಮಂದಿರು ಇದ್ದಾರೆ’ ಎಂದರೆ ಯಾವ ಹೊತ್ತಿಗೆ ನೋಡಿದರೂ ಇರುವುದು ಒಬ್ಬರೇ. ರಾತ್ರಿ ಇಬ್ಬರು ಹುಡುಗರಿಗೆ ಜ್ವರ ಬಂದು, ಮೂರನೆಯವನು ಗೇಟು ದಾಟಿ ಹೋದರೆ ಆ ಒಬ್ಬರು ಏನು ಮಾಡಬೇಕು? ಆರೈಕೆಯವರ ಸಂಬಳವನ್ನು ‘ಆಡಳಿತ ವೆಚ್ಚ’ ಎಂದು ಕಡಿಮೆ ಮಾಡಿಸುವ ದಾನಿಗಳು ತಿಳಿಯದೆಯೇ ಮಕ್ಕಳನ್ನು ಅಪಾಯಕ್ಕೆ ಒಡ್ಡುತ್ತಾರೆ. ಇದಕ್ಕೆ ಮಣಿಯಬೇಡಿ.

ಒಂದು ಮಗುವಿಗೆ ಒಬ್ಬ ದಾನಿ ಎಂಬ ಪ್ರಾಯೋಜನೆ ಹಣ ಕೂಡಿಸಲು ಸುಲಭ, ಆದರೆ ಕೂಡದು. ಮಗು ಮನೆಗೆ ಮರಳಿದ ದಿನವೇ ಆ ಹಣ ನಿಲ್ಲುವುದರಿಂದ, ಮಗುವನ್ನು ಕಳಿಸದಿರಲು ಸಂಸ್ಥೆಗೆ ಕಾರಣ ಸಿಕ್ಕಂತಾಗುತ್ತದೆ. ಪಕ್ಕದ ಹಾಸಿಗೆಯ ಮಗುವಿಗೆ ಉಡುಗೊರೆ ಬಂದು ತನಗೆ ಬಾರದ ನೋವು ಬೇರೆ. ಬದಲಿಗೆ ಕೆಲಸಕ್ಕೆ ಹಣ ಕೊಡಿ: ಒಬ್ಬ ಶಿಕ್ಷಕಿಯ ವರ್ಷದ ಸಂಬಳ, ಮೂರು ತಿಂಗಳ ಬೇಳೆ, ಮನೆಗೆ ಹೋದ ಹತ್ತು ಮಕ್ಕಳ ಶಾಲಾ ಶುಲ್ಕ.

ಹಣ ಕಳಿಸುವ ದಾರಿ

ಅತಿ ಹೆಚ್ಚು ನಷ್ಟವಾಗುವುದು ಇಲ್ಲೇ. ಕಳ್ಳತನಕ್ಕಿಂತ ವಿನಿಮಯ ದರ, ಬ್ಯಾಂಕಿನ ಮಿತಿ, ತಡ ಇವೇ ಹೆಚ್ಚು ತಿನ್ನುತ್ತವೆ.

ಲೆಬನಾನ್‌ನಲ್ಲಿ 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಡಾಲರ್ ಕೊಡುವುದಕ್ಕೆ ಮಿತಿ ಹಾಕಿದವು. ಅಧಿಕೃತ ದರ 2023ರ ಆರಂಭದವರೆಗೂ ಡಾಲರಿಗೆ ಸುಮಾರು 1,507 ಪೌಂಡ್ ಎಂದೇ ಇತ್ತು. ಅಷ್ಟರಲ್ಲಿ ಮಾರುಕಟ್ಟೆಯ ದರ ಅದರ ಮೂವತ್ತು ಪಟ್ಟಿಗೂ ಹೆಚ್ಚಾಗಿತ್ತು. ಹಳೆಯ ಖಾತೆಗೆ ಬಿದ್ದ ಡಾಲರ್ ಕಾಗದದ ಮೇಲಷ್ಟೇ ಉಳಿಯಿತು. ಹೊರಗಿನಿಂದ ಹೊಸದಾಗಿ ಬಂದ ಡಾಲರಿಗೆಂದೇ ತೆರೆದ ಬೇರೆ ಖಾತೆಯಿಂದ ಮಾತ್ರ ನೋಟು ಸಿಗುತ್ತಿತ್ತು. ಆಫ್ಘಾನಿಸ್ತಾನದಲ್ಲಿ 2021ರ ಆಗಸ್ಟ್ ನಂತರ ಒಂದು ಹಂತದಲ್ಲಿ ವಾರಕ್ಕೆ 200 ಡಾಲರ್‌ಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಹಾಗಾಗಿ ಖಾತೆ ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಖಾತೆಗೆ ಬಂದ ಹಣ ಯಾವ ಕರೆನ್ಸಿಯಲ್ಲಿ, ಯಾವ ದರದಲ್ಲಿ, ವಾರಕ್ಕೆ ಎಷ್ಟು ಕೈಗೆ ಸಿಗುತ್ತದೆ ಎಂದು ಕೇಳಿ.

ಕ್ರಮ ಹೀಗಿರಲಿ. ಮೊದಲು ಸಂಸ್ಥೆಯ ಪೂರ್ಣ ಹೆಸರು, ಮುಖ್ಯಸ್ಥರ ಹೆಸರುಗಳನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಬಂಧ ಪಟ್ಟಿಯಲ್ಲೂ (ಯಾರಿಗೆ ಹಣ ಕೊಡಕೂಡದೋ ಅವರ ಹೆಸರುಗಳ ಪಟ್ಟಿ), ಹಣ ಹಾದುಹೋಗುವ ದೇಶಗಳ ಇಂಥದೇ ಪಟ್ಟಿಗಳಲ್ಲೂ ಹುಡುಕಿ, ಹುಡುಕಿದ ದಿನಾಂಕ ಸಮೇತ ಕಡತದಲ್ಲಿಡಿ. ಡಾಲರ್ ವರ್ಗಾವಣೆಗಳು ಸಾಮಾನ್ಯವಾಗಿ ಅಮೆರಿಕದ ಮಧ್ಯವರ್ತಿ ಬ್ಯಾಂಕಿನ ಮೂಲಕ ಹೋಗುವುದರಿಂದ, ಹೆಸರಿನ ಒಂದಕ್ಷರ ಹೋಲಿಕೆಗೂ ಹಣ ವಾರಗಟ್ಟಲೆ ತಡೆಹಿಡಿಯಲ್ಪಡುತ್ತದೆ. ವರ್ಗಾವಣೆಯ ಉದ್ದೇಶದಲ್ಲಿ ‘ನೆರವು’ ಎಂದು ಮೊಗಮ್ಮಾಗಿ ಬರೆಯದೆ, ‘ಇಂಥ ತಿಂಗಳ ಶಿಕ್ಷಕರ ಸಂಬಳ’ ಎಂದು ಬರೆಯಿರಿ. ಮೊದಲ ಸಲ ಚಿಕ್ಕ ಮೊತ್ತ ಕಳಿಸಿ, ಅದು ಎಷ್ಟು ದಿನದಲ್ಲಿ, ಎಷ್ಟು ಕಡಿತವಾಗಿ ಮುಟ್ಟಿತು ಎಂದು ನೋಡಿ. ಮಧ್ಯದ ಶುಲ್ಕವನ್ನೂ ಕಳಿಸುವವರೇ ಭರಿಸುವ ಆಯ್ಕೆ ಇರುತ್ತದೆ. ಅದನ್ನೇ ಆರಿಸಿದರೆ ಅಲ್ಲಿನ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ತಾಳೆಯಾಗುತ್ತದೆ.

ಎರಡನೇ ದಾರಿ ಸದಾ ಸಿದ್ಧವಿರಲಿ: ಇನ್ನೊಂದು ಬ್ಯಾಂಕು, ಪರವಾನಗಿ ಇರುವ ಹಣ ವರ್ಗಾವಣೆ ಸಂಸ್ಥೆ, ಅಥವಾ ಆ ದೇಶದಲ್ಲಿ ಚಾಲ್ತಿಯಲ್ಲಿರುವ ಮೊಬೈಲ್ ಹಣ. ಬ್ಯಾಂಕು ಮುಚ್ಚಿದ ದಿನ ಹುಡುಕಲು ಹೊರಟರೆ ಸಿಗುವುದು ದುಬಾರಿ ದಲ್ಲಾಳಿ. ಹಣದ ಬೆಲೆ ದಿನೇದಿನೇ ಕುಸಿಯುವ ಕಡೆ ಮೂರು ತಿಂಗಳ ಮೊತ್ತ ಒಟ್ಟಿಗೆ ಕಳಿಸಿ ಸ್ಥಳೀಯ ಕರೆನ್ಸಿಗೆ ಬದಲಿಸಬಾರದು. ತಿಂಗಳಿಗೊಮ್ಮೆ ಕಳಿಸಿ, ಎರಡು ವಾರಕ್ಕೆ ಬೇಕಾದಷ್ಟನ್ನೇ ಬದಲಿಸಲಿ. ಬದಲಿಸಿದ ರಸೀದಿಯಲ್ಲಿ ಅಂದಿನ ದರ ಇರಲಿ. ಬಜೆಟನ್ನು ಸ್ಥಿರ ಕರೆನ್ಸಿಯಲ್ಲೇ ಬರೆಯಿರಿ. ಸಂಬಳವನ್ನು ಸ್ಥಳೀಯ ಕರೆನ್ಸಿಯಲ್ಲಿ ನಿಗದಿ ಮಾಡಿ ವರ್ಷಪೂರ್ತಿ ಹಾಗೇ ಬಿಟ್ಟರೆ ಆರನೇ ತಿಂಗಳಿಗೆ ಶಿಕ್ಷಕರ ಬಸ್ಸು ಖರ್ಚಿಗೂ ಅದು ಸಾಲದೆ, ಅವರು ಕಾರಣ ಹೇಳದೆಯೇ ಬರುವುದು ನಿಲ್ಲಿಸುತ್ತಾರೆ.

ನಗದು ಪೆಟ್ಟಿಗೆಯಲ್ಲಿ ಎರಡು ವಾರದ ಖರ್ಚಿಗಿಂತ ಹೆಚ್ಚು ಬೇಡ, ಅದು ದರೋಡೆಗೆ ಕರೆದಂತೆ. ಖಾತೆಗೆ ಎರಡು ಸಹಿ, ಕೊಳ್ಳುವವರು ಒಬ್ಬರು, ಸರಕು ಎಣಿಸಿ ಒಳಗಿಡುವವರು ಇನ್ನೊಬ್ಬರು, ಲೆಕ್ಕ ಬರೆಯುವವರು ಮೂರನೆಯವರು. ರಸೀದಿ ಕೊಡದ ಸಂತೆಯಲ್ಲಿ ಕೊಂಡರೆ ತಾರೀಖು, ತೂಕ, ದರ, ಮಾರಿದವರ ಸಹಿ ಅಥವಾ ಹೆಬ್ಬೆಟ್ಟು ಇರುವ ಚೀಟಿ ಸಾಕು. ಇಲ್ಲದ ರಸೀದಿಗಾಗಿ ಹಟ ಹಿಡಿದರೆ ಸುಳ್ಳು ರಸೀದಿ ಹುಟ್ಟುತ್ತದೆ.

ತಿಂಗಳ ವರದಿ ಒಂದೇ ಪುಟ: ತಿಂಗಳ ಆರಂಭದಲ್ಲಿ ಮಕ್ಕಳೆಷ್ಟು, ಹೊಸದಾಗಿ ಬಂದವರೆಷ್ಟು, ಹೋದವರೆಷ್ಟು, ಎಲ್ಲಿಗೆ, ಕಾಯಿಲೆ ಬಿದ್ದವರು, ಸಂಬಳ ಯಾವ ದಿನ ಕೊಟ್ಟರು, ಉಗ್ರಾಣದಲ್ಲಿ ಎಷ್ಟು ದಿನದ ಧಾನ್ಯವಿದೆ, ಕೈಯಲ್ಲಿರುವ ನಗದು, ವಿನಿಮಯ ದರ. ಅದಕ್ಕಿಂತ ಉದ್ದದ ವರದಿ ಕೇಳಿದರೆ, ಬರೆಯುವವರ ಸಮಯ ಮಕ್ಕಳಿಂದಲೇ ಕಿತ್ತುಕೊಂಡಂತೆ.

ಆಹಾರ, ನೀರು, ವಿದ್ಯುತ್ತು

ಮಾನವೀಯ ನೆರವಿನ ಯೋಜನೆಗಳಲ್ಲಿ ತಲೆಗೆ ದಿನಕ್ಕೆ 2,100 ಕಿಲೋ ಕ್ಯಾಲೊರಿ ಎಂದು ಲೆಕ್ಕ ಹಿಡಿಯುತ್ತಾರೆ. ಅದನ್ನು ಹೊಂದಿಸುವ ಒಂದು ಸಾಮಾನ್ಯ ಪಡಿತರ: ಧಾನ್ಯ 400 ಗ್ರಾಂ, ಬೇಳೆಕಾಳು 60, ಅಡುಗೆ ಎಣ್ಣೆ 25, ಪೋಷಕಾಂಶ ಸೇರಿಸಿದ ಮಿಶ್ರ ಹಿಟ್ಟು 50, ಸಕ್ಕರೆ 15, ಅಯೋಡಿನ್ ಉಪ್ಪು 5 ಗ್ರಾಂ. 40 ಮಕ್ಕಳಿಗೆ 30 ದಿನಕ್ಕೆ ಇದು ಧಾನ್ಯ 480 ಕಿಲೋ, ಬೇಳೆ 72, ಎಣ್ಣೆ 30, ಮಿಶ್ರ ಹಿಟ್ಟು 60, ಸಕ್ಕರೆ 18, ಉಪ್ಪು 6 ಕಿಲೋ ಆಗುತ್ತದೆ. ಇದರಲ್ಲಿ ತಾಜಾ ತರಕಾರಿ, ಹಣ್ಣು, ಮೊಟ್ಟೆ ಇಲ್ಲ. ಅವಕ್ಕೆ ವಾರದ ನಗದು ಬೇರೆ ಇಡಬೇಕು. ಅಲ್ಲೇ ಉಣ್ಣುವ ಸಿಬ್ಬಂದಿಯನ್ನು ಲೆಕ್ಕಕ್ಕೆ ಸೇರಿಸದಿದ್ದರೆ ತಿಂಗಳ ಕೊನೆಗೆ ಮಕ್ಕಳ ತಟ್ಟೆಯೇ ಖಾಲಿಯಾಗುತ್ತದೆ. ರಸ್ತೆ ಮುಚ್ಚುವ ಭಯವಿರುವ ಕಡೆ ಆರರಿಂದ ಎಂಟು ವಾರದ ದಾಸ್ತಾನು ಸರಿ. ಅದಕ್ಕೂ ಹೆಚ್ಚಾದರೆ ಹುಳು, ಇಲಿ, ಲೂಟಿ ಮೂರೂ ಹತ್ತಿರವಾಗುತ್ತವೆ. ಮೂಟೆಗಳು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇರಲಿ, ಮೊದಲು ಬಂದದ್ದು ಮೊದಲು ಖರ್ಚಾಗಲಿ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ತೋಳಿನ ಸುತ್ತಳತೆಯನ್ನು ತಿಂಗಳಿಗೊಮ್ಮೆ ಅಳೆಯಬೇಕು. 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ, 11.5ಕ್ಕಿಂತ ಕಡಿಮೆಯಿದ್ದರೆ ತೀವ್ರ. ತಕ್ಷಣ ಆರೋಗ್ಯ ಕೇಂದ್ರಕ್ಕೆ. ಚಿಕಿತ್ಸೆಗೆ ಕೊಡುವ ಕಡಲೆಕಾಯಿ ಮಿಶ್ರಣದ 92 ಗ್ರಾಂ ಪೊಟ್ಟಣದಲ್ಲಿ 500 ಕಿಲೋ ಕ್ಯಾಲೊರಿ ಇರುತ್ತದೆ. ಅದು ಔಷಧಿಯಿದ್ದಂತೆ, ತಿಂಡಿಯಾಗಿ ಎಲ್ಲರಿಗೂ ಹಂಚಬಾರದು.

ನೀರು ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್. ಹಗಲು ಬಂದು ಹೋಗುವ ವಿದ್ಯಾರ್ಥಿಗೆ ಕುಡಿಯಲು, ಕೈ ತೊಳೆಯಲು 3 ಲೀಟರ್. ಮನೆಯಲ್ಲಿ 50 ಜನ, ಶಾಲೆಗೆ ಹೊರಗಿನಿಂದ 120 ಮಕ್ಕಳು ಎಂದಿಟ್ಟುಕೊಂಡರೆ ದಿನಕ್ಕೆ 1,110 ಲೀಟರ್. ಮೂರು ದಿನ ನೀರು ಬರದಿದ್ದರೂ ನಡೆಯಬೇಕಾದರೆ 3,500 ಲೀಟರಿನ ತೊಟ್ಟಿ ಬೇಕು. ಕ್ಲೋರಿನ್ ಹಾಕಿ ಅರ್ಧ ಗಂಟೆಯ ನಂತರ ನಲ್ಲಿಯ ನೀರಿನಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿದಿರಬೇಕು. ಅಳೆಯುವ ಸಣ್ಣ ಪೆಟ್ಟಿಗೆ ಅಗ್ಗ, ಬಳಕೆ ಸುಲಭ. ಕಲಕು ನೀರಿಗೆ ನೇರವಾಗಿ ಹಾಕಿದ ಕ್ಲೋರಿನ್ ಮಣ್ಣಿನೊಂದಿಗೇ ಮುಗಿದುಹೋಗುತ್ತದೆ, ಮೊದಲು ತಿಳಿಯಾಗಲು ಬಿಟ್ಟು ಸೋಸಬೇಕು. ಶಾಲೆಯಲ್ಲಿ 30 ಹುಡುಗಿಯರಿಗೊಂದು, 60 ಹುಡುಗರಿಗೊಂದು ಶೌಚಾಲಯ ಕನಿಷ್ಠ. ಹುಡುಗಿಯರದಕ್ಕೆ ಒಳಚಿಲಕ, ನೀರು, ಮುಚ್ಚಳವಿರುವ ಕಸದ ಡಬ್ಬಿ ಇಲ್ಲದಿದ್ದರೆ ಮುಟ್ಟಿನ ದಿನಗಳಲ್ಲಿ ಅವರು ಶಾಲೆ ತಪ್ಪಿಸುತ್ತಾರೆ.

ಭೇದಿಗೆ ಓಆರ್‌ಎಸ್ ಪೊಟ್ಟಣ ಮತ್ತು ಸತುವಿನ ಮಾತ್ರೆ ಸದಾ ಕಪಾಟಿನಲ್ಲಿರಲಿ. ಸತುವನ್ನು ಆರೋಗ್ಯ ಕೇಂದ್ರ ಹೇಳಿದ ಪ್ರಮಾಣದಲ್ಲಿ 10ರಿಂದ 14 ದಿನ ಕೊಡಬೇಕು. ಪೊಟ್ಟಣ ಸಿಗದಾಗ ಶುದ್ಧ ನೀರು ಒಂದು ಲೀಟರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಆದ್ದರಿಂದ ಅಳತೆಯ ಚಮಚವನ್ನು ದಾರ ಕಟ್ಟಿ ಅಲ್ಲೇ ತೂಗುಹಾಕುವುದು ಒಳ್ಳೆಯದು.

ವಿದ್ಯುತ್ತಿಗೆ ಜನರೇಟರ್ ಕೊಡಿಸುವ ದಾನಿಗಳು ಡೀಸೆಲ್ ಯಾರು ಕೊಡಿಸುತ್ತಾರೆಂದು ಕೇಳುವುದಿಲ್ಲ. ಇಂಧನ ಸಿಗದಿರುವುದೇ ಹೆಚ್ಚಿನ ಬಿಕ್ಕಟ್ಟುಗಳ ಮೊದಲ ಲಕ್ಷಣ. ಸೌರ ವಿದ್ಯುತ್ತಿನ ಲೆಕ್ಕ ಹೀಗೆ: 7 ವಾಟ್‌ನ 12 ಬಲ್ಬು 5 ಗಂಟೆ ಉರಿದರೆ 420 ವಾಟ್-ಗಂಟೆ, ಎರಡು ಲ್ಯಾಪ್‌ಟಾಪ್ 400, ಇಂಟರ್‌ನೆಟ್ ರೌಟರ್ 240, ಫೋನುಗಳು 150, ಒಟ್ಟು ಸುಮಾರು 1,200. ನಷ್ಟ ಸೇರಿಸಿ 1,500 ಎನ್ನಿ. ದಿನಕ್ಕೆ ನಾಲ್ಕು ಗಂಟೆಯ ಪೂರ್ಣ ಬಿಸಿಲಿದ್ದರೆ 400 ವಾಟ್‌ನ ಫಲಕ ಸಾಕೆನಿಸುತ್ತದೆ, ಆದರೆ ಮೋಡದ ದಿನಗಳಿಗಾಗಿ 800 ವಾಟ್ ಹಾಕಿ. ಎರಡು ದಿನ ಬಿಸಿಲಿಲ್ಲದೆ ನಡೆಯಲು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮಾರು 3.75 ಕಿಲೋವಾಟ್-ಗಂಟೆ, ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ 6. ಇಂಥ ವ್ಯವಸ್ಥೆ ಕೆಡುವುದು ಯಾರೋ ಇಸ್ತ್ರಿಪೆಟ್ಟಿಗೆ, ಬಿಸಿನೀರಿನ ಕಾಯಿಲ್ ಸಿಕ್ಕಿಸಿದಾಗ, ಇಲ್ಲವೇ ಫಲಕದ ಧೂಳನ್ನು ಯಾರೂ ಒರೆಸದಿದ್ದಾಗ. ಇದಕ್ಕೆ ಒಬ್ಬರನ್ನು ಹೊಣೆ ಮಾಡಿ.

ಹಳೆಯ ಬಟ್ಟೆ, ಆಟಿಕೆ, ಔಷಧಿಗಳ ಪೆಟ್ಟಿಗೆ ಕಳಿಸುವ ಆಸೆಯನ್ನು ಬಿಡಿ. ಸುಂಕ, ಬಂದರಿನ ಬಾಡಿಗೆ, ಸಾಗಣೆ ಸೇರಿದರೆ ಅಲ್ಲೇ ಕೊಳ್ಳುವುದಕ್ಕಿಂತ ದುಬಾರಿ, ಅಲ್ಲಿನ ವ್ಯಾಪಾರಿಯ ಹೊಟ್ಟೆಗೂ ಹೊಡೆತ. ಔಷಧವನ್ನು ಕಳಿಸಲೇಬೇಕಾದರೆ ಮುಟ್ಟುವಾಗ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು, ಆ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿರಬೇಕು, ಅಲ್ಲಿಯವರಿಗೆ ಓದಲು ಬರುವ ಚೀಟಿ ಇರಬೇಕು. 2004ರ ಸುನಾಮಿಯ ನಂತರ ಇಂಡೋನೇಷ್ಯಾದ ಆಚೆ (Aceh) ಪ್ರಾಂತ್ಯಕ್ಕೆ ಬಂದು ಬಿದ್ದ ಔಷಧಿಯಲ್ಲಿ ಬಹುಪಾಲಿನ ಚೀಟಿ ಅಲ್ಲಿಯವರಿಗೆ ಓದಲಾಗದ ಭಾಷೆಯಲ್ಲಿತ್ತು. ಅದನ್ನು ಸುಟ್ಟು ವಿಲೇವಾರಿ ಮಾಡುವುದೇ ಇನ್ನೊಂದು ಖರ್ಚಾಯಿತು.

ಶಾಲೆಯೇ ಬೆನ್ನೆಲುಬು

ಹಣ ಕಡಿಮೆಯಿದ್ದು ಒಂದನ್ನೇ ಆರಿಸಬೇಕಾದರೆ ಶಾಲೆಯನ್ನು ಆರಿಸಿ. ಉಚಿತ ಶಾಲೆ, ಮಧ್ಯಾಹ್ನದ ಊಟ ಎರಡೂ ಹತ್ತಿರದಲ್ಲಿ ಸಿಕ್ಕರೆ ಎಷ್ಟೋ ತಾಯಂದಿರಿಗೆ ಮಗುವನ್ನು ಮನೆಯಿಂದ ಕಳಿಸುವ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಮನೆಯ ಮಕ್ಕಳಿಗಷ್ಟೇ ಶಾಲೆ ನಡೆಸದೆ ಸುತ್ತಲಿನ ಮಕ್ಕಳಿಗೂ ತೆರೆಯುವಂತೆ ಒಪ್ಪಂದದಲ್ಲೇ ಬರೆಯಿರಿ. ಮನೆಯ ಮಕ್ಕಳಿಗೂ ಬೇರೆ ಸಮವಸ್ತ್ರ, ಬೇರೆ ಸಾಲು ಇಲ್ಲದೆ ಎಲ್ಲರೊಂದಿಗೆ ಬೆರೆಯುವುದು ಸಾಧ್ಯವಾಗುತ್ತದೆ.

ಜಾಗ ಸಾಲದಿದ್ದರೆ ಬೆಳಗ್ಗೆ ಮಧ್ಯಾಹ್ನ ಎರಡು ಪಾಳಿ. ಎರಡೂ ಪಾಳಿಯನ್ನು ಒಬ್ಬರೇ ಶಿಕ್ಷಕರ ಮೇಲೆ ಹೊರಿಸಿದರೆ ಮೂರು ತಿಂಗಳು ಬಾಳುವುದಿಲ್ಲ. ತುರ್ತಿಗೆ ಯುನಿಸೆಫ್‌ನ ‘ಪೆಟ್ಟಿಗೆಯೊಳಗಿನ ಶಾಲೆ’ ಒಳ್ಳೆಯ ಮಾದರಿ: ಒಬ್ಬ ಶಿಕ್ಷಕರಿಗೆ, 40 ಮಕ್ಕಳಿಗೆ ಬೇಕಾದ ನೋಟ್‌ಪುಸ್ತಕ, ಪೆನ್ಸಿಲ್, ಕತ್ತರಿ, ಮರದ ಗಡಿಯಾರ, ಎಣಿಸುವ ಘನಗಳು ಲೋಹದ ಪೆಟ್ಟಿಗೆಯಲ್ಲಿ ಬರುತ್ತವೆ. ಪೆಟ್ಟಿಗೆಯ ಮುಚ್ಚಳಕ್ಕೆ ಕಪ್ಪು ಬಣ್ಣ ಬಳಿದರೆ ಅದೇ ಕರಿಹಲಗೆ. ಸಾಮಾನುಗಳನ್ನು ಸ್ಥಳೀಯ ಅಂಗಡಿಯಲ್ಲಿ ಕೊಂಡು ಇದೇ ಬಗೆಯ ಪೆಟ್ಟಿಗೆ ನೀವೂ ಕಟ್ಟಿಸಬಹುದು.

ಪಾಠ ಆ ದೇಶದ ಪಠ್ಯಕ್ರಮದಲ್ಲೇ, ಮಕ್ಕಳ ಭಾಷೆಯಲ್ಲೇ ನಡೆಯಲಿ. ದಾನಿಗಳ ಮೆಚ್ಚುಗೆಗಾಗಿ ವಿದೇಶಿ ಪಠ್ಯಕ್ರಮ ತಂದ ಶಾಲೆಯ ಮಕ್ಕಳಿಗೆ ಸರ್ಕಾರಿ ಪರೀಕ್ಷೆ ಕೂರಲಾಗದೆ, ಊರಿಗೆ ಮರಳಿದಾಗ ಮುಂದಿನ ತರಗತಿಗೆ ಸೇರಲೂ ಆಗುವುದಿಲ್ಲ. ಪರೀಕ್ಷಾ ನೋಂದಣಿಯ ಶುಲ್ಕ, ಜನನ ಪ್ರಮಾಣಪತ್ರ ಮಾಡಿಸುವ ಖರ್ಚು ಬಜೆಟ್‌ನಲ್ಲಿ ಇರಲೇಬೇಕು. ಪ್ರಮಾಣಪತ್ರವಿಲ್ಲದೆ ಪರೀಕ್ಷೆ ತಪ್ಪಿಸಿಕೊಂಡ ಮಗುವಿಗೆ ಹೋಗುವುದು ಇಡೀ ಒಂದು ವರ್ಷ.

ಮುಖ, ಹೆಸರು, ಭೇಟಿ

ಮಕ್ಕಳ ಮುಖ, ಪೂರ್ಣ ಹೆಸರು, ಕಾಯಿಲೆ, ಕುಟುಂಬದ ಕಥೆ, ಮನೆಯ ನಿಖರ ವಿಳಾಸ ಇವನ್ನು ಎಲ್ಲೂ ಪ್ರಕಟಿಸಬೇಡಿ. ಫೋಟೋದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ಅಳಿಸಿಯೇ ಕಳಿಸಲು ಹೇಳಿ. ಸಶಸ್ತ್ರ ಗುಂಪುಗಳು ಮಕ್ಕಳನ್ನು ಸೇರಿಸಿಕೊಳ್ಳುವ, ಒತ್ತೆಹಣಕ್ಕಾಗಿ ಅಪಹರಿಸುವ ಕಡೆ ‘ವಿದೇಶಿ ದಾನಿಗಳಿದ್ದಾರೆ’ ಎಂಬ ಸುದ್ದಿಯೇ ಅಪಾಯಕಾರಿ.

ಕೆಲವು ವಾರ ಹೋಗಿ ಮಕ್ಕಳ ಜೊತೆ ಇದ್ದು ಬರುವ ಸ್ವಯಂಸೇವೆ ಬೇಡ. ಪ್ರತಿ ಸಲವೂ ಹಚ್ಚಿಕೊಂಡು, ಪ್ರತಿ ಸಲವೂ ಬಿಟ್ಟುಹೋಗುವವರನ್ನು ನೋಡಿ ಮಕ್ಕಳು ಸೋಲುತ್ತಾರೆ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೂ ಅನಾಥಾಲಯ ಸ್ವಯಂಸೇವೆಯ ಹಾನಿಯನ್ನು ತಡೆಯಲು ದೇಶಗಳಿಗೆ ಹೇಳಿತು. ಕೌಶಲ್ಯವಿದ್ದವರು ದೂರದಿಂದಲೇ ಲೆಕ್ಕಪತ್ರ ಕಲಿಸಬಹುದು, ಸೌರ ಫಲಕದ ದೋಷ ಹುಡುಕಬಹುದು, ಶಿಕ್ಷಕರಿಗೆ ತರಬೇತಿ ಕೊಡಬಹುದು. ಹೋಗಲೇಬೇಕಾದವರು ಸಿಬ್ಬಂದಿಯನ್ನು ನೋಡಲು ಹೋಗಲಿ. ಭೇಟಿಗೆ ಬಂದ ಯಾರೇ ಆಗಲಿ ಮಗುವಿನೊಂದಿಗೆ ಒಂಟಿಯಾಗಿ ಇರಕೂಡದು.

ಮಕ್ಕಳಿಗೆ ದೂರು ಹೇಳಲು ಮನೆಯ ಹೊರಗಿನ ಒಬ್ಬ ವ್ಯಕ್ತಿಯ ಹೆಸರು, ಫೋನ್ ಸಂಖ್ಯೆ ಗೋಡೆಯ ಮೇಲಿರಬೇಕು. ದೂರು ಪೆಟ್ಟಿಗೆಯ ಬೀಗದ ಕೈ ಮುಖ್ಯಸ್ಥರ ಬಳಿಯೇ ಇದ್ದರೆ ಅದು ಪೆಟ್ಟಿಗೆಯಷ್ಟೇ.

ಮನೆಗೆ ಮರಳುವ ದಾರಿ

ಪ್ರತಿ ಮಗುವಿಗೂ ಒಂದು ಕಡತ ಇರಬೇಕು: ಬಂದ ದಿನದ ಫೋಟೋ, ಮೈಮೇಲಿದ್ದ ಬಟ್ಟೆ, ಕೈಯಲ್ಲಿದ್ದ ವಸ್ತುಗಳು, ಮಗು ಹೇಳಿದ ಊರು, ನದಿ, ಮಾರುಕಟ್ಟೆ, ಶಿಕ್ಷಕರ ಹೆಸರು, ತಂದುಬಿಟ್ಟವರ ಹೇಳಿಕೆ, ಒಡಹುಟ್ಟಿದವರು ಎಲ್ಲಿದ್ದಾರೆ. ಚಿಕ್ಕ ಮಕ್ಕಳ ನೆನಪು ವಾರಗಳಲ್ಲೇ ಮಸುಕಾಗುವುದರಿಂದ ಮೊದಲ 48 ಗಂಟೆಯೊಳಗೆ ಇದನ್ನು ಬರೆದುಕೊಳ್ಳುವುದು ಮುಖ್ಯ. ಅಣ್ಣತಂಗಿಯರನ್ನು ಬೇರೆ ಮಾಡಬಾರದು. ಕುಟುಂಬ ಕಾಣೆಯಾಗಿದ್ದರೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಮತ್ತು ಆ ದೇಶದ ರೆಡ್‌ಕ್ರಾಸ್ ಅಥವಾ ರೆಡ್ ಕ್ರೆಸೆಂಟ್‌ನ ಕುಟುಂಬ ಸಂಪರ್ಕ ಸೇವೆಗೆ ಹೆಸರು ಕೊಡಬೇಕು.

ಕುಟುಂಬ ಸಿಕ್ಕ ಮೇಲೆ ಅವಸರ ಬೇಡ. ಸಮಾಜ ಕಾರ್ಯಕರ್ತೆ ಮನೆಗೆ ಹೋಗಿ ನೋಡುತ್ತಾರೆ, ಮಗುವಿನೊಂದಿಗೆ ಫೋನು ಮಾತು, ನಂತರ ಒಂದು ದಿನದ ಭೇಟಿ, ವಾರಾಂತ್ಯ, ರಜೆ, ಆಮೇಲೆ ಪೂರ್ತಿಯಾಗಿ. ಮಗು ಬೇಡವೆಂದರೆ ಏಕೆಂದು ಕೇಳಬೇಕು. ಆ ಮನೆಯಲ್ಲಿ ಹೊಡೆತ ಬಡಿತ, ಲೈಂಗಿಕ ಹಿಂಸೆ ನಡೆದಿರಬಹುದು. ಎಲ್ಲ ಮಕ್ಕಳಿಗೂ ಹೆತ್ತ ಮನೆಯೇ ಸುರಕ್ಷಿತವಲ್ಲ. ಅಂಥವರಿಗೆ ಚಿಕ್ಕಮ್ಮನೋ ಅಜ್ಜಿಯೋ, ಇಲ್ಲವೇ ಸರ್ಕಾರದ ಒಪ್ಪಿಗೆಯ ಸಾಕು ಕುಟುಂಬವೋ ಬೇಕು.

ಮರಳಿ ಹೋದ ಮಗುವಿನ ಹೆಸರಲ್ಲಿ ಬಜೆಟ್ ಸಾಲು ಅಳಿಸದೆ ಕನಿಷ್ಠ ಒಂದು ವರ್ಷ ಉಳಿಸಿ: ಶಾಲಾ ಶುಲ್ಕ, ಕುಟುಂಬಕ್ಕೆ ತಿಂಗಳ ಸಣ್ಣ ಮೊತ್ತ, ತಾಯಿಯ ಕಸುಬಿಗೆ ಒಂದು ಸಲದ ಬಂಡವಾಳ. ಮೊದಲ ವಾರ, ಮೊದಲ ತಿಂಗಳು, ಮೂರು, ಆರು, ಹನ್ನೆರಡನೇ ತಿಂಗಳಲ್ಲಿ ಮನೆ ಭೇಟಿ. ಈ ಭೇಟಿಗಳ ಬಸ್ಸು ಖರ್ಚನ್ನು ಉಳಿಸಲು ಹೋದ ಕಡೆ ಮಕ್ಕಳು ಆರು ತಿಂಗಳೊಳಗೆ ಬೀದಿಯಲ್ಲೋ ಇನ್ನೊಂದು ಅನಾಥಾಲಯದಲ್ಲೋ ಸಿಗುತ್ತಾರೆ. 18 ತುಂಬಲಿರುವವರಿಗೆ ಎರಡು ವರ್ಷ ಮುಂಚಿನಿಂದಲೇ ಗುರುತಿನ ಚೀಟಿ, ಬ್ಯಾಂಕ್ ಖಾತೆ, ಕಸುಬು, ಬಾಡಿಗೆ ಕೋಣೆಯ ತಯಾರಿ ನಡೆಯಬೇಕು.

ಅಪಾಯ ಹತ್ತಿರ ಬಂದಾಗ

2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಯುದ್ಧ ಶುರುವಾದ ಮೇಲೆ ರಾಜಧಾನಿ ಖಾರ್ಟೂಮ್‌ನ ಮೈಗೊಮಾ ಅನಾಥಾಲಯದಲ್ಲಿ ವಾರಗಳೊಳಗೆ ಹತ್ತಾರು ಕೂಸುಗಳು ಸತ್ತವು. ಹೆಚ್ಚಿನ ಸಾವಿಗೆ ಗುಂಡು ಕಾರಣವಲ್ಲ. ಆರೈಕೆಯವರು ರಸ್ತೆ ದಾಟಿ ಕೆಲಸಕ್ಕೆ ಬರಲಾಗಲಿಲ್ಲ, ವಿದ್ಯುತ್ತು ಹೋಯಿತು, ಹಾಲು ಕುಡಿಸುವ ಕೈಗಳು ಸಾಲಲಿಲ್ಲ. ಜ್ವರ, ನಿರ್ಜಲೀಕರಣ, ಹಸಿವು ಕೊಂದವು. ಜೂನ್‌ನಲ್ಲಿ ಸುಮಾರು 300 ಮಕ್ಕಳನ್ನು ವಾದ್ ಮದನಿ ನಗರಕ್ಕೆ ಸಾಗಿಸಲಾಯಿತು. ಡಿಸೆಂಬರ್‌ನಲ್ಲಿ ಹೋರಾಟ ಆ ನಗರವನ್ನೂ ಮುಟ್ಟಿತು.

ಇದರಿಂದ ಕಲಿತು ಮಾಡಿಕೊಳ್ಳಬೇಕಾದ ತಯಾರಿ ಇಷ್ಟು. ಕೆಲವು ಆರೈಕೆಯವರು, ಅವರ ಕುಟುಂಬ ಸಮೇತ, ನಡೆದು ಬರುವ ದೂರದಲ್ಲೇ ಇರುವಂತೆ ಬಾಡಿಗೆ ಭರಿಸಿ. ಎರಡು ಬೇರೆ ದಿಕ್ಕಿನಲ್ಲಿ ಎರಡು ಆಶ್ರಯ ತಾಣಗಳನ್ನು ಮೊದಲೇ ಮಾತಾಡಿಡಿ. ಯಾವ ಸೂಚನೆ ಕಂಡರೆ ಹೊರಡಬೇಕು ಎಂದು ಬರೆದಿಡಿ: ಇಂಥ ಸೇತುವೆ ಮುಚ್ಚಿದರೆ, ಇಂಥ ಆಸ್ಪತ್ರೆ ಖಾಲಿಯಾದರೆ. ಆ ತೀರ್ಮಾನ ಅಲ್ಲಿರುವವರದ್ದೇ, ದೂರದಲ್ಲಿ ಕೂತು ನೀವು ಫೋನಿನಲ್ಲಿ ಎಳೆದಾಡಬಾರದು. ಮಕ್ಕಳ ದಾಖಲೆಗಳ ನಕಲು ಗುಪ್ತಪದದ ರಕ್ಷಣೆಯೊಂದಿಗೆ ದೇಶದ ಹೊರಗೆ ಇರಲಿ. ಮಾತು ಬಾರದ ಮಕ್ಕಳ ಬಟ್ಟೆಯ ಒಳಗೆ ಹೆಸರು, ಬಂಧುವಿನ ಫೋನು, ಮನೆಯ ಫೋನು ಇರುವ ಪಟ್ಟಿ ಹೊಲಿದಿರಲಿ. ಕುಟುಂಬ ಹತ್ತಿರದಲ್ಲೇ ಸುರಕ್ಷಿತವಾಗಿದ್ದರೆ ಮಗುವನ್ನು ದೂರ ಒಯ್ಯುವುದಕ್ಕಿಂತ ಅಲ್ಲಿಗೆ ಮುಟ್ಟಿಸುವುದು ಲೇಸು. ಗಡಿ ದಾಟಿಸುವುದು ಸರ್ಕಾರ ಮತ್ತು ಮಕ್ಕಳ ರಕ್ಷಣೆಯ ಸಂಸ್ಥೆಗಳ ಮೂಲಕವಲ್ಲದೆ ಎಂದಿಗೂ ಕೂಡದು.

ಶಾಂತಿಯ ದಿನಗಳಲ್ಲೇ ಮೂರು ತಿಂಗಳ ಸಂಬಳಕ್ಕಾಗುವಷ್ಟು ತುರ್ತುನಿಧಿಯನ್ನು ದೇಶದ ಹೊರಗಿನ ಖಾತೆಯಲ್ಲಿ ಕೂಡಿಡಿ. ಶಾಲೆ ಮುಚ್ಚಿದ ತಿಂಗಳಲ್ಲೂ ಶಿಕ್ಷಕರಿಗೆ ಸಂಬಳ ಹೋಗಲಿ, ಇಲ್ಲದಿದ್ದರೆ ಬಾಗಿಲು ಮತ್ತೆ ತೆರೆದಾಗ ಪಾಠಕ್ಕೆ ಯಾರೂ ಇರುವುದಿಲ್ಲ.

ನೆರವು ನಿಲ್ಲಿಸುವುದಾದರೆ

ಯಾವ ಒಬ್ಬ ದಾನಿಯ ಪಾಲೂ ಒಟ್ಟು ಬಜೆಟ್‌ನ ಮೂರನೇ ಒಂದಂಶ ಮೀರದಂತೆ ಮೊದಲ ವರ್ಷದಿಂದಲೇ ನೋಡಿಕೊಳ್ಳಿ. ಮೀರಿದರೆ ಬೇರೆ ದಾನಿಗಳನ್ನು ಹುಡುಕುವುದಕ್ಕೂ ನೆರವಾಗಿ. ನಿಲ್ಲಿಸುವ ತೀರ್ಮಾನಕ್ಕೆ 12 ತಿಂಗಳ ಲಿಖಿತ ಮುನ್ಸೂಚನೆ ಕೊಡಿ. ಆ ವರ್ಷದಲ್ಲಿ ಕಂತನ್ನು ಒಂದೇ ಸಲ ಕತ್ತರಿಸದೆ ಪೂರ್ತಿ, ಮುಕ್ಕಾಲು, ಅರ್ಧ, ಕಾಲು ಎಂದು ಮೂರು ಮೂರು ತಿಂಗಳಿಗೆ ಇಳಿಸಬಹುದು. ಕೊನೆಗೆ ಇಳಿಸಬೇಕಾದದ್ದು ಸಂಬಳ ಮತ್ತು ಮನೆಗೆ ಮರಳಿದ ಮಕ್ಕಳ ಶುಲ್ಕ. ಮೋಸ ಅಥವಾ ಹಿಂಸೆ ಬಯಲಾದರೆ ಮಾತ್ರ ಈ ಕ್ರಮ ಅನ್ವಯಿಸದು. ಆಗ ಸಂಸ್ಥೆಗೆ ಹಣ ಅಂದೇ ನಿಲ್ಲಬೇಕು, ಆ ದೇಶದ ಇಲಾಖೆಗೂ ಮಕ್ಕಳ ರಕ್ಷಣೆಯ ಸಮನ್ವಯ ಗುಂಪಿಗೂ ಅಂದೇ ಲಿಖಿತವಾಗಿ ತಿಳಿಸಬೇಕು. ಮಕ್ಕಳ ಊಟ, ಔಷಧದ ಖರ್ಚನ್ನು ಮಾತ್ರ ಅವರನ್ನು ಬೇರೆ ಕಡೆ ಸೇರಿಸುವವರೆಗೆ ಇನ್ನೊಂದು ಸಂಸ್ಥೆಯ ಮೂಲಕ ಮುಂದುವರಿಸಿ.